ಎದ್ದು ಹೋಗುವ ಪೀರಿಯಡ್: ಒಂದು ಕಥೋಲಿಕ ಪ್ರೌಢಶಾಲೆಯ ಧರ್ಮಬೋಧನೆ, ಒಂದು ಪ್ರಕರಣ ಅಧ್ಯಯನ

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸಿಸ್ಟರ್‌ಗಳು ನಡೆಸುವ ಪ್ರೌಢಶಾಲೆಯ ಪ್ರಕರಣ. ಶಾಲೆಯಾಗಲಿ, ಮನುಷ್ಯರಾಗಲಿ ಯಾರೆಂದು ಗುರುತು ಹತ್ತಬಾರದೆಂದು ಕೆಲವು ವಿವರ ಅದಲುಬದಲು ಮಾಡಿದೆ. ಸಂಖ್ಯೆಗಳನ್ನು ಸುಮಾರು ಎಂದೇ ಓದಿಕೊಳ್ಳಬೇಕು. ಮುಖ್ಯೋಪಾಧ್ಯಾಯಿನಿ, ಧರ್ಮೋಪದೇಶ ಕಲಿಸುವ ಸಿಸ್ಟರ್, ಧರ್ಮಕೇಂದ್ರದ ಗುರು (ಊರಿನ ಚರ್ಚಿನ ಫಾದರ್), ಶಾಲೆಯ ಗುಮಾಸ್ತರು, ಒಂಬತ್ತನೇ ತರಗತಿಯ ಒಬ್ಬ ಹುಡುಗ: ಮುಖ್ಯರಾದವರು ಇಷ್ಟೇ ಜನ.

ಹಿನ್ನೆಲೆ

ಎಂಟರಿಂದ ಹತ್ತನೇ ತರಗತಿವರೆಗೆ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಮಾಧ್ಯಮ ಸೇರಿ 380ರ ಆಸುಪಾಸು ಮಕ್ಕಳು. ಅವರಲ್ಲಿ ಕಥೋಲಿಕರು 38. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಜಿಲ್ಲೆಗಳು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ, ಅಂದರೆ ಬೆಂಗಳೂರಿನ ಆರ್ಚ್‌ಬಿಷಪ್ಪರ ಆಡಳಿತಕ್ಕೆ ಸೇರುತ್ತವೆ. ಬೆಂಗಳೂರಿನಲ್ಲಿ ಒಂದೇ ಚರ್ಚಿನಲ್ಲಿ ನಾಲ್ಕು ಭಾಷೆಯ ಪೂಜೆ ಇದ್ದರೆ ಇಲ್ಲಿ ಪೂಜೆ ಕನ್ನಡದಲ್ಲಿ, ಮನೆಯ ಮಾತು ಬಹುಪಾಲು ತೆಲುಗು, ಕೆಲವರದು ತಮಿಳು. ಅಪ್ಪ ಅಮ್ಮಂದಿರು ದ್ರಾಕ್ಷಿ ತೋಟದ ಕೂಲಿ, ಹೂವು ಬಿಡಿಸುವ ಕೆಲಸ, ರೇಷ್ಮೆ, ಗಾರೆ ಕೆಲಸದವರು. ಬೆಳಗಿನ ಬಸ್ಸಿಗೆ ಗಾರ್ಮೆಂಟ್ಸ್‌ಗೆ ಹೊರಡುವ ತಾಯಂದಿರೂ ಇದ್ದಾರೆ.

ಏರ್ಪಾಡು ಹಳೆಯದು, ನಮ್ಮ ಕಾನ್ವೆಂಟ್ ಶಾಲೆಗಳಲ್ಲಿ ಓದಿದವರಿಗೆಲ್ಲ ಗೊತ್ತಿರುವಂಥದ್ದು. ವಾರಕ್ಕೆ 40 ನಿಮಿಷದ ಎರಡು ಪೀರಿಯಡ್. ಬೆಲ್ ಆದ ಕೂಡಲೇ ‘ಕ್ಯಾಟಿಕಿಸಂನವರು ಹೊರಡಿ’ ಎಂಬ ಕೂಗು; ಕ್ಯಾಟಿಕಿಸಂ ಎಂದರೆ ಧರ್ಮೋಪದೇಶ. ಕಥೋಲಿಕ ಮಕ್ಕಳು ಎದ್ದು ಪ್ರಾರ್ಥನಾಮಂದಿರದ ಪಕ್ಕದ ಕೋಣೆಗೆ ಹೋಗಬೇಕು. ಮಿಕ್ಕವರು ಅಲ್ಲೇ ಕುಳಿತು ಮಾರಲ್ ಸೈನ್ಸ್. ಆ ಕೋಣೆಯಲ್ಲಿ ಹದಿಮೂರರ ಹುಡುಗಿಯಿಂದ ಹದಿನಾರರ ಹುಡುಗನವರೆಗೆ ಮೂರೂ ತರಗತಿಯವರು ಒಟ್ಟಿಗೆ. ವರ್ಷಕ್ಕೆ ಎರಡು ಪರೀಕ್ಷೆ, 50 ಅಂಕ. ದೃಢೀಕರಣ ಸಂಸ್ಕಾರ (ದೀಕ್ಷಾಸ್ನಾನ ಪಡೆದವರ ವಿಶ್ವಾಸವನ್ನು ಗಟ್ಟಿಗೊಳಿಸುವ ಸಂಸ್ಕಾರ) ಪಡೆಯಲು ಶಾಲೆಯ ಈ ಹಾಜರಿ ಮತ್ತು ಅಂಕಗಳನ್ನೇ ಗುರುಗಳು ಕೇಳಿ ತರಿಸಿಕೊಳ್ಳುತ್ತಿದ್ದರು. ಬೇರೆ ವ್ಯವಸ್ಥೆ ಮಾಡಲು ಅವರಿಗೆ ಪುರುಸೊತ್ತಿರಲಿಲ್ಲ ಎನ್ನುವುದೂ ಸತ್ಯ. ಮುಖ್ಯ ಚರ್ಚಲ್ಲದೆ ಹಳ್ಳಿಗಳಲ್ಲಿ ಐದು ಕಿರುಮಂದಿರ, ನೋಡಿಕೊಳ್ಳುವವರು ಅವರೊಬ್ಬರೇ.

ಸಮಸ್ಯೆ ಎಂದು ಮೊದಲು ಕಂಡದ್ದು

ಸಿಸ್ಟರ್ ಕೊಟ್ಟ ದೂರು ಸರಳವಾಗಿತ್ತು: ಮಕ್ಕಳಿಗೆ ಆಸಕ್ತಿ ಇಲ್ಲ. ಏಳು ಸಂಸ್ಕಾರಗಳ ಹೆಸರು ಕೇಳಿದರೆ ಪಟಪಟ ಹೇಳುತ್ತಾರೆ. ಹತ್ತು ಕಟ್ಟಳೆ ಬಾಯಿಪಾಠ. ‘ಗುರುಗಳ ಮುಂದೆ ಪಾಪನಿವೇದನೆ ಯಾಕೆ ಮಾಡಬೇಕು, ನೇರವಾಗಿ ದೇವರಿಗೆ ಹೇಳಿಕೊಂಡರೆ ಸಾಲದೆ’ ಎಂದರೆ ಮೌನ. ಪ್ರಥಮ ಪರಮಪ್ರಸಾದಕ್ಕೆಂದು (ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದು) ಎಂಟು ಒಂಬತ್ತನೇ ವಯಸ್ಸಿನಲ್ಲಿ ಕಲಿತ ಪ್ರಶ್ನೋತ್ತರವೇ ಹದಿನೈದನೇ ವಯಸ್ಸಿನಲ್ಲೂ ಮತ್ತೊಮ್ಮೆ ಬರುತ್ತಿತ್ತು. ಅಂಕ ಮಾತ್ರ ಎಲ್ಲರದೂ 40ರ ಮೇಲೆ. ಇದನ್ನು ನೋಡಿದರೇ ಪರೀಕ್ಷೆ ಏನನ್ನು ಅಳೆಯುತ್ತಿದೆ ಎಂದು ಅನುಮಾನ ಬರಬೇಕಿತ್ತು.

ಮಾರಲ್ ಸೈನ್ಸ್ ಕಡೆಯ ಸ್ಥಿತಿ ಇದಕ್ಕಿಂತ ಕಡೆ. ಆ ಪೀರಿಯಡ್ ಗಣಿತದವರಿಗೋ ವಿಜ್ಞಾನದವರಿಗೋ ಸಾಲ ಹೋಗುತ್ತಿತ್ತು. ನಡೆದ ದಿನ, ಹತ್ತು ಕಟ್ಟಳೆಗೂ ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನಕ್ಕೂ ಗೆರೆ ಎಳೆದು ಹೊಂದಿಸಿ ಬರೆಯುವ ಅಭ್ಯಾಸ. ಈ ಅಭ್ಯಾಸ ನೋಡಲು ಸೌಹಾರ್ದ, ಒಳಗೆ ಟೊಳ್ಳು. ಎರಡೂ ಕಳ್ಳತನ ಬೇಡ ಎನ್ನುತ್ತವೆ ಎಂದು ತಿಳಿಯಲು ಹದಿನಾಲ್ಕು ವರ್ಷದವರಿಗೆ 40 ನಿಮಿಷ ಬೇಡ. ವಚನದ ಕೊನೆಗೆ ಬರುವ ಕೂಡಲಸಂಗಮದೇವ ಯಾರು, ಕಟ್ಟಳೆಗಳ ಮೊದಲಿಗೆ ಬರುವ ‘ನಿನ್ನನ್ನು ದಾಸತ್ವದಿಂದ ಬಿಡಿಸಿದವನು’ ಯಾರು ಎಂದು ಕೇಳಿದ್ದರೆ ಪಾಠ ಶುರುವಾಗುತ್ತಿತ್ತು. ಯಾರೂ ಕೇಳಲಿಲ್ಲ.

ಮೊದಲ ಎರಡು ಪ್ರಯತ್ನ

ಜೂನ್‌ನಲ್ಲಿ ಹೊಳೆಯುವ ಕಾಗದದ, ಬಣ್ಣದ ಚಿತ್ರಗಳ ಇಂಗ್ಲಿಷ್ ಪುಸ್ತಕ ಬಂತು, ಪ್ರೊಜೆಕ್ಟರ್ ಬಂತು. ಕನ್ನಡ ಮಾಧ್ಯಮದ ಹದಿನೇಳು ಮಕ್ಕಳಿಗೆ ಪುಸ್ತಕ ಹತ್ತಲಿಲ್ಲ. ಸಿಸ್ಟರ್ ಒಂದೊಂದು ಪ್ಯಾರಾ ಅನುವಾದ ಮಾಡಿ ಹೇಳುವಷ್ಟರಲ್ಲಿ ಬೆಲ್. ಪ್ರೊಜೆಕ್ಟರ್ ಜೋಡಿಸಲು ಎಂಟು ನಿಮಿಷ ಹಿಡಿಯುತ್ತಿತ್ತು, ಮಧ್ಯಾಹ್ನ ಕರೆಂಟ್ ಇದ್ದರೆ. ಜುಲೈ ಮುಗಿಯುವ ಹೊತ್ತಿಗೆ ಪುಸ್ತಕಗಳು ಬೀರು ಸೇರಿದವು.

ಆಮೇಲೆ ಒಂದು ದಿನದ ಶಿಬಿರ. ಬೆಂಗಳೂರಿನಿಂದ ಯುವಕರ ತಂಡ, ಗಿಟಾರು, ಆಟ, ಸಂಜೆಗೆ ಕಣ್ಣೀರಿನ ಪ್ರಾರ್ಥನೆ. ಮಕ್ಕಳಿಗೆ ಖುಷಿಯಾಯಿತು, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ಮಂಗಳವಾರದ ಪೀರಿಯಡ್‌ನಲ್ಲಿ ಮತ್ತದೇ ಮೌನ. ಶಿಬಿರ ಕೆಟ್ಟದ್ದೆಂದಲ್ಲ. ಬಂದವರು ಹೊರಟು ಹೋಗುತ್ತಾರೆ, ಕೆದಕಿದ ಪ್ರಶ್ನೆ ಮಾತ್ರ ಉಳಿಯುತ್ತದೆ, ಅದನ್ನು ಕೈಗೆತ್ತಿಕೊಳ್ಳಲು ಶಾಲೆಯಲ್ಲಿ ಜಾಗವಿರಲಿಲ್ಲ.

ಆಗಸ್ಟ್‌ನ ಗೇಟು

ಆಗಸ್ಟ್‌ನಲ್ಲಿ ಒಂದು ಶುಕ್ರವಾರ ಇಬ್ಬರು ಶಿಕ್ಷಕರು ರಜೆ ಹಾಕಿದ್ದರು. ಬದಲಿ ವ್ಯವಸ್ಥೆ ಮಾಡುವವರು ಒಂಬತ್ತನೇ ತರಗತಿಯ ಮಾರಲ್ ಸೈನ್ಸ್ ಮಕ್ಕಳನ್ನೂ ಧರ್ಮೋಪದೇಶದ ಕೋಣೆಗೇ ಕಳಿಸಿದರು. ದುರುದ್ದೇಶವೇನಿಲ್ಲ, ಯಾವ ಶಾಲೆಯಲ್ಲಿ ರಜೆಯ ದಿನ ಎರಡು ತರಗತಿ ಕೂಡಿಸುವುದಿಲ್ಲ? ಸಿಸ್ಟರ್ ಬೋರ್ಡಿನ ಮೇಲೆ ಒಂದು ಪ್ರಾರ್ಥನೆ ಬರೆದಿದ್ದರು. ಬೋರ್ಡಿನ ಮೇಲೆ ಏನಿದ್ದರೂ ನೋಟ್ಸಿಗೆ ಇಳಿಸಿಕೊಳ್ಳುವುದು ನಮ್ಮ ಮಕ್ಕಳ ಅಭ್ಯಾಸ. ಒಬ್ಬ ಹುಡುಗಿಯ ನೋಟ್‌ಬುಕ್ಕಿನ ಪುಟ ಸಂಜೆ ಅವಳ ಮಾವನ ಫೋನಿಗೆ, ಅಲ್ಲಿಂದ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಶನಿವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಏಳೆಂಟು ಜನ. ಹೊತ್ತು ಏರುವ ಮುನ್ನ ಶಿಕ್ಷಣ ಇಲಾಖೆಯಿಂದ ಫೋನು.

ಆಡಳಿತ ಮಂಡಳಿಯ ಒಬ್ಬರು ಸಂವಿಧಾನದ 30ನೇ ವಿಧಿ ಹಿಡಿದು ಉತ್ತರ ಕೊಡೋಣ ಎಂದರು: ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆ ಕಟ್ಟುವ, ನಡೆಸುವ ಹಕ್ಕಿದೆ. ಹಕ್ಕು ಇದೆ, ಆದರೆ ಅಂದಿನ ಪ್ರಶ್ನೆಗೆ ಅದು ಉತ್ತರವಲ್ಲ. ಅನ್ವಯಿಸುವುದು 28ನೇ ವಿಧಿಯ 3ನೇ ಖಂಡ. ಸರ್ಕಾರದ ಮಾನ್ಯತೆ ಪಡೆದ ಅಥವಾ ಅನುದಾನ ಪಡೆಯುವ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ‘ನಮ್ಮದು ಅನುದಾನರಹಿತ ಶಾಲೆ, ನಮಗೆ ಅದು ಬರುವುದಿಲ್ಲ’ ಎಂದು ಬಹಳ ಕಡೆ ತಿಳಿದಿದ್ದಾರೆ. ಮಾನ್ಯತೆ ಇದ್ದರೆ ಸಾಕು, ಬರುತ್ತದೆ.

ಮುಖ್ಯೋಪಾಧ್ಯಾಯಿನಿ ವಾದಕ್ಕೆ ನಿಲ್ಲಲಿಲ್ಲ. ವೇಳಾಪಟ್ಟಿ, ಅಂದಿನ ರಜೆ ರಿಜಿಸ್ಟರ್ ಎರಡನ್ನೂ ಮೇಜಿನ ಮೇಲಿಟ್ಟು ಏನಾಯಿತೆಂದು ಹೇಳಿದರು. ಒಪ್ಪಿಗೆ ಪಡೆದಿರಲಿಲ್ಲ, ಅದು ನಮ್ಮ ತಪ್ಪು ಎಂದು ಕನ್ನಡದಲ್ಲಿ ಅರ್ಧ ಪುಟ ಬರೆದು ಸಹಿ ಹಾಕಿ ಆ ಪೋಷಕರಿಗೆ ಕೊಟ್ಟರು. ಗೇಟಿನ ಗದ್ದಲ ಸೋಮವಾರಕ್ಕೆ ಉಳಿಯಲಿಲ್ಲ. ಆ ಪತ್ರ ದೌರ್ಬಲ್ಯದ ಗುರುತು ಎಂದು ಮಂಡಳಿಯಲ್ಲಿ ಕೆಲವರು ಇಂದಿಗೂ ಹೇಳುತ್ತಾರೆ. ಇಡೀ ಪ್ರಕರಣದಲ್ಲಿ ತೆಗೆದುಕೊಂಡ ನಿರ್ಧಾರಗಳಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿಯಾದದ್ದು ಎಂಬುದು ಈ ಬರಹದ ಅಭಿಪ್ರಾಯ. ಅದೇ ವಾರ ಒಂದು ನಿಯಮ ಸ್ಟಾಫ್ ರೂಮಿನ ಗೋಡೆಗೆ ಬಂತು: ಧರ್ಮೋಪದೇಶದವರು ರಜೆಯಾದರೆ ಆ ತರಗತಿ ರದ್ದು, ಮಕ್ಕಳು ಲೈಬ್ರರಿಗೆ. ಯಾವ ಕಾರಣಕ್ಕೂ ಕೂಡಿಸುವಂತಿಲ್ಲ.

ಪೆಟ್ಟಿಗೆ

ಸೆಪ್ಟೆಂಬರ್‌ನಲ್ಲಿ ಸಿಸ್ಟರ್ ಒಂದು ಶೂ ಡಬ್ಬಿಗೆ ಸೀಳು ಮಾಡಿ ತಂದಿಟ್ಟರು. ಪ್ರಶ್ನೆ ಪೆಟ್ಟಿಗೆ ಹೊಸ ಉಪಾಯವೇನಲ್ಲ, ಹೆಚ್ಚಿನ ಕಡೆ ಎರಡೇ ವಾರಕ್ಕೆ ಖಾಲಿ ಬೀಳುತ್ತದೆ. ಬರೆಯುವವರು ಯಾರೆಂದು ಎಲ್ಲರಿಗೂ ಕಾಣುತ್ತದೆ ಎನ್ನುವುದೇ ಕಾರಣ. ಇಲ್ಲಿ ಅದಕ್ಕೊಂದು ವ್ಯವಸ್ಥೆ ಇತ್ತು. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಕತ್ತರಿಸಿಟ್ಟದ್ದು. ಪೆನ್ನು ಬೇಡ, ಎಲ್ಲರಿಗೂ ಪೆನ್ಸಿಲು, ಶಾಯಿ ನೋಡಿ ಗುರುತು ಹಿಡಿಯಬಾರದು. ಬರೆಯಲಿ ಬಿಡಲಿ, ಮೂರು ನಿಮಿಷ ಎಲ್ಲರೂ ತಲೆ ಬಗ್ಗಿಸಿ ಕೂರಬೇಕು; ಖಾಲಿ ಚೀಟಿಯನ್ನೂ ನಾಲ್ಕು ಮಡಿಕೆ ಮಾಡಿ ಹಾಕಲೇಬೇಕು. ಯಾವ ಭಾಷೆಯಾದರೂ ಸರಿ. ತೆಲುಗನ್ನು ಕನ್ನಡ ಲಿಪಿಯಲ್ಲಿ ಬರೆದ ಚೀಟಿಗಳೇ ಬಹಳ ಬಂದವು. ಚೀಟಿಗಳನ್ನು ಅಲ್ಲೇ ತೆರೆಯುವಂತಿಲ್ಲ. ಮನೆಗೆ ಒಯ್ದು, ಓದಿ, ಮುಂದಿನ ವಾರ ಉತ್ತರ.

ಇನ್ನೊಂದು ಮಾತನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿದ್ದರು: ಯಾರಾದರೂ ನಿಮಗೆ ಕೈ ಹಾಕುತ್ತಿದ್ದಾರೆ, ಹೊಡೆಯುತ್ತಿದ್ದಾರೆ ಎಂದು ಬರೆದರೆ ಅದನ್ನು ಪೆಟ್ಟಿಗೆಯೊಳಗೇ ಇಟ್ಟುಕೊಳ್ಳುವುದಿಲ್ಲ, ಕಾನೂನಿನ ಪ್ರಕಾರ ತಿಳಿಸಬೇಕಾದವರಿಗೆ ತಿಳಿಸುತ್ತೇವೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಂಥ ದೌರ್ಜನ್ಯವನ್ನು ವರದಿ ಮಾಡುವುದು ಆಯ್ಕೆಯಲ್ಲ. ಗುಟ್ಟು ಕಾಪಾಡುತ್ತೇನೆ ಎಂದು ಮೊದಲು ಮಾತು ಕೊಟ್ಟು ಆಮೇಲೆ ಮುರಿದರೆ ಆ ಮಗು ಇನ್ನೆಂದೂ ಬಾಯಿ ಬಿಡುವುದಿಲ್ಲ. ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂದು ದೊಡ್ಡದಾಗಿ ಬರೆದಿತ್ತು.

ಮೊದಲ ವಾರ 36 ಚೀಟಿ, 22 ಖಾಲಿ. ಉಳಿದ ಹದಿನಾಲ್ಕರಲ್ಲಿ ಮೂರು ತಮಾಷೆ. ಹನ್ನೊಂದು ನಿಜವಾದ ಪ್ರಶ್ನೆ. ‘ಗಣೇಶನ ಪ್ರಸಾದ ತಿಂದರೆ ಪಾಪಾನಾ?’ ‘ಫಾದರ್‌ಗೆ ನನ್ನ ದನಿ ಗೊತ್ತು, ಆದ್ರೂ ಹೋಗಿ ಪಾಪ ಹೇಳ್ಬೇಕಾ?’ ‘ವಿಜ್ಞಾನ ಮಿಸ್ ಬಿಗ್ ಬ್ಯಾಂಗ್ ಅಂತಾರೆ, ನೀವು ಆರು ದಿನ ಅಂತೀರ.’ ‘ಅಪ್ಪ ಕುಡಿಯೋದು ಬಿಡಲಿ ಅಂತ ಮೂರು ವರ್ಷದಿಂದ ಕೇಳ್ತಿದೀನಿ.’

ಈ ಪ್ರಶ್ನೆಗಳಿಗೆ ಪ್ರಶ್ನೋತ್ತರ ಪುಸ್ತಕದಲ್ಲಿ ನೇರ ಉತ್ತರ ಇಲ್ಲ. ಉತ್ತರಕ್ಕೆ ಬೇಕಾದ ಸಾಮಗ್ರಿ ಧರ್ಮಸಭೆಯಲ್ಲಿ (ಕಥೋಲಿಕ ಚರ್ಚಿನಲ್ಲಿ) ಇಲ್ಲವೆಂದಲ್ಲ. ಪ್ರಸಾದದ ಪ್ರಶ್ನೆ ಸಾವಿರದ ಒಂಬೈನೂರು ವರ್ಷಕ್ಕಿಂತ ಹಳೆಯದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯಗಳಲ್ಲಿ ಪೌಲರು ಇದನ್ನೇ ಚರ್ಚಿಸುತ್ತಾರೆ, ಅದೂ ಹೌದು–ಅಲ್ಲ ಎಂಬ ಒಂದೇ ಪದದಲ್ಲಿ ಮುಗಿಸುವುದಿಲ್ಲ: ಒಂದು ಕಡೆ ತಿನ್ನುವವನ ಮನಸ್ಸು, ಇನ್ನೊಂದು ಕಡೆ ನೋಡುವವನ ಮನಸ್ಸು. ಅದರ ಜೊತೆಗೆ ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಪ್ರಕಟಣೆ, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎನ್ನುತ್ತದೆ. ಎರಡನ್ನೂ ಓದಿಸಿ, ಪಕ್ಕದ ಮನೆಯವರು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ ಏನು ಮಾಡುತ್ತೀರಿ ಎಂದು ಮಕ್ಕಳನ್ನೇ ಕೇಳಿದರು. ಬಿಗ್ ಬ್ಯಾಂಗ್‌ಗೆ ಬೆಲ್ಜಿಯಂನ ಜಾರ್ಜ್ ಲಮೆತ್ರ್ ಸಿಕ್ಕರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಅದು ಒಂದು ಆದಿಮ ಕಣದಿಂದ ಹೊರಟಿದೆ ಎಂದು 1931ರಲ್ಲಿ ಮಂಡಿಸಿದ ವಿಜ್ಞಾನಿ, ಜೊತೆಗೆ ಕಥೋಲಿಕ ಗುರು. ಪಾಪನಿವೇದನೆಯ ಗುಟ್ಟನ್ನು ಗುರು ಯಾವ ಕಾರಣಕ್ಕೂ ಹೊರಹಾಕುವಂತಿಲ್ಲ ಎಂಬ ಧರ್ಮಸಭೆಯ ಕಾನೂನಿನ 983ನೇ ಕಟ್ಟಳೆಯನ್ನು ಓದಿ ಹೇಳಿದಾಗ ಕೋಣೆಯಲ್ಲಿ ಒಂದು ಸಣ್ಣ ನಿರಾಳ ಕಂಡಿತು. ಅಪ್ಪನ ಕುಡಿತದ ಚೀಟಿಗೆ ಸಿಸ್ಟರ್ ಉತ್ತರ ಕೊಡಲಿಲ್ಲ. ‘ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬರೆದವರು ಬಂದು ಮಾತಾಡಬಹುದು, ಬರದಿದ್ದರೂ ಪರವಾಗಿಲ್ಲ’ ಎಂದರು, ಅಷ್ಟೇ. ಇಬ್ಬರು ಬಂದರು.

ನವೆಂಬರ್‌ನ ಚೀಟಿ

ಒಂಬತ್ತನೇ ತರಗತಿಯ ಒಬ್ಬ ಹುಡುಗ ಧರ್ಮೋಪದೇಶದ ಬೆಲ್ ಆದಾಗಲೆಲ್ಲ ನೀರು ಕುಡಿಯಲು ಹೋಗುತ್ತಿದ್ದ. ಹದಿನಾರು ತರಗತಿಗಳಲ್ಲಿ ಹನ್ನೊಂದಕ್ಕೆ ಗೈರು, ಶಾಲೆಗೆ ಮಾತ್ರ ಪೂರ್ತಿ ಹಾಜರು. ಬೈದದ್ದಾಯಿತು, ಹೊರಗೆ ನಿಲ್ಲಿಸಿದ್ದೂ ಆಯಿತು. ಭಾನುವಾರ ಪೂಜೆಗೆ ತಪ್ಪದೆ ಬರುವ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆಗೆ ಮುಂದೆ ನಿಂತು ಶಿಲುಬೆ ಹಿಡಿಯುವ ಹುಡುಗ ಇವನು. ಯಾಕೆ ಹೀಗೆ ಎಂದು ಯಾರಿಗೂ ಬಗೆಹರಿಯಲಿಲ್ಲ.

ನವೆಂಬರ್‌ನಲ್ಲಿ ಒಂದು ಚೀಟಿ ಬಂತು: ‘ಇಸ್ಕೂಲ್ ರಿಜಿಸ್ಟರಲ್ಲಿ ಒಂದು, ಚರ್ಚಲ್ಲಿ ಇನ್ನೊಂದು ಅಂದ್ರೆ ಸುಳ್ಳು ಹೇಳಿದಂಗಾ?’

ಬರೆದದ್ದು ಆ ಹುಡುಗನೋ ಬೇರೆಯವರೋ ಸಿಸ್ಟರ್ ಪತ್ತೆ ಮಾಡಲಿಲ್ಲ. ಅಕ್ಷರ ಹೋಲಿಸಿ ನೋಡಿದ್ದರೆ ಐದು ನಿಮಿಷದ ಕೆಲಸ. ನೋಡಬಾರದು ಎಂದು ನಿರ್ಧರಿಸಿದರು, ಹಾಗೆ ನೋಡಿದ್ದರೆ ಪೆಟ್ಟಿಗೆ ಅಂದೇ ಸತ್ತಂತೆ. ಆದರೆ ಪ್ರಶ್ನೆ ಹಿಡಿದು ಗುಮಾಸ್ತರ ಬಳಿ ಹೋದರು. ಗುಮಾಸ್ತರಿಗೆ ಇದೆಲ್ಲ ವರ್ಷಗಳಿಂದ ಗೊತ್ತಿತ್ತು. ಸಿಸ್ಟರ್ ಕೈಯಲ್ಲಿದ್ದ 38 ಹೆಸರಿನ ಪಟ್ಟಿ ಚರ್ಚಿನ ಕಡೆಯಿಂದ ಬಂದದ್ದು. ದಾಖಲಾತಿ ರಿಜಿಸ್ಟರಿನಲ್ಲಿ ಕ್ರೈಸ್ತರೆಂದು ಇರುವವರು 31. ಉಳಿದ ಏಳು ಮಕ್ಕಳ ಧರ್ಮದ ಕಾಲಂನಲ್ಲಿ ಹಿಂದೂ, ಜಾತಿಯ ಕಾಲಂನಲ್ಲಿ ಪರಿಶಿಷ್ಟ ಜಾತಿ.

ಇದರ ಬೇರು ಆ ಮನೆಗಳಲ್ಲಿಲ್ಲ, ಒಂದು ಆದೇಶದಲ್ಲಿದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ 3ನೇ ಪ್ಯಾರಾ ಮೊದಲು ಹಿಂದೂಗಳಿಗಷ್ಟೇ ಪರಿಶಿಷ್ಟ ಜಾತಿಯ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರುತ್ತಾರೆ, ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನವೂ ಹಾಸ್ಟೆಲೂ ಸಿಗುವುದಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಆಯೋಗ ರಚಿಸಿತು. ಕೇರಿಯಲ್ಲಿ ಬದಲಾಗದ ಜಾತಿ ಕಾಗದದಲ್ಲಿ ಮಾತ್ರ ಹೇಗೆ ಬದಲಾಗುತ್ತದೆ ಎಂದು ಅಪ್ಪ ಅಮ್ಮ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ. ಒಂದೇ ಮನೆಯಲ್ಲಿ ಅಜ್ಜಿ ಜಪಸರ ಹಿಡಿದಿರುತ್ತಾರೆ, ಚಿಕ್ಕಪ್ಪ ಊರ ಮಾರಮ್ಮನ ಜಾತ್ರೆಗೆ ವಂತಿಗೆ ಕೊಡುತ್ತಾರೆ, ಮಗುವಿನ ದಾಖಲೆ ಮೊದಲ ತರಗತಿಯಲ್ಲಿ ಯಾರೋ ಬರೆಸಿದಂತೆ ಇರುತ್ತದೆ.

ಈಗ ಆ ಬೆಲ್ಲಿನ ಅರ್ಥವೇ ಬೇರೆಯಾಯಿತು. ‘ಕ್ಯಾಟಿಕಿಸಂನವರು ಹೊರಡಿ’ ಎಂದು ಕೂಗುವುದು, ಹೊರಡುವವರು ಎದ್ದು ನಿಲ್ಲುವುದು, ಮಿಕ್ಕವರು ಕುಳಿತು ನೋಡುವುದು. ವಾರಕ್ಕೆರಡು ಸಲ ಶಾಲೆಯೇ ಏಳು ಮಕ್ಕಳನ್ನು ತರಗತಿಯ ನಡುವೆ ನಿಲ್ಲಿಸಿ ತೋರಿಸುತ್ತಿತ್ತು. ವಿದ್ಯಾರ್ಥಿವೇತನದ ಅರ್ಜಿ ಸಾಲಿನಲ್ಲಿ ಜೊತೆಗೆ ನಿಂತಿದ್ದ ಸಹಪಾಠಿ ಬೆಂಚಿನಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದ. ಆಸಕ್ತಿ ಇಲ್ಲ ಎಂದು ಬರೆದುಕೊಂಡದ್ದರಲ್ಲಿ ಎಷ್ಟು ಪಾಲು ನಿಜವಾಗಿ ಆಸಕ್ತಿಯದು?

ಬಿಡಿಸಿಟ್ಟದ್ದು

ಮುಖ್ಯೋಪಾಧ್ಯಾಯಿನಿ, ಸಿಸ್ಟರ್, ಗುರುಗಳು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಾಲ್ಕು ಸಲ ಕೂತರು. ಗಟ್ಟಿ ಆಧಾರ ಸಿಕ್ಕಿದ್ದು ಕಥೋಲಿಕ ಶಾಲೆಗಳ ಧಾರ್ಮಿಕ ಆಯಾಮದ ಬಗ್ಗೆ ವ್ಯಾಟಿಕನ್ 1988ರಲ್ಲಿ ಹೊರಡಿಸಿದ ದಾಖಲೆಯಲ್ಲಿ. ಶಾಲೆಯ ಧಾರ್ಮಿಕ ಬೋಧನೆ ಬೇರೆ, ಧರ್ಮೋಪದೇಶ ಬೇರೆ, ಎರಡೂ ಒಂದಕ್ಕೊಂದು ಪೂರಕ ಎನ್ನುತ್ತದೆ ಅದು. ಮೊದಲನೆಯದರ ಗುರಿ ತಿಳಿವು. ಎರಡನೆಯದು ವಿಶ್ವಾಸದಲ್ಲಿ ಬೆಳೆಯುವುದು, ಅದು ಧರ್ಮಕೇಂದ್ರ, ಮನೆ, ಸಮುದಾಯಗಳಲ್ಲಿ ಜೀವನವಿಡೀ ನಡೆಯುವಂಥದ್ದು. ಈ ಶಾಲೆ ಎರಡನ್ನೂ 40 ನಿಮಿಷಕ್ಕೆ ತುರುಕಿ 50 ಅಂಕಕ್ಕೆ ಪರೀಕ್ಷೆ ಇಟ್ಟಿತ್ತು.

ಹೀಗಾಗಿ ಮುಂದಿನ ಜೂನ್‌ನಿಂದ ಎರಡು ಪೀರಿಯಡ್‌ಗಳಲ್ಲಿ ಒಂದನ್ನು ಎಲ್ಲ ಮಕ್ಕಳಿಗೂ ಒಟ್ಟಿಗೆ ಮಾಡಲಾಯಿತು. ಪ್ರಾರ್ಥನೆ ಇಲ್ಲ, ಯಾವ ಧರ್ಮಕ್ಕೂ ಆಹ್ವಾನ ಇಲ್ಲ, ಧರ್ಮಗಳ ಬಗ್ಗೆ ಮಾತು ಉಂಟು. ಧರ್ಮವನ್ನು ಬೋಧಿಸುವುದೂ ಧರ್ಮಗಳ ಬಗ್ಗೆ ಕಲಿಸುವುದೂ ಒಂದೇ ಅಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಒಪ್ಪಿದೆ. ಕೈವಾರ ತಾತಯ್ಯನವರ ತತ್ವಪದ, ಮುರುಗಮಲ್ಲ ದರ್ಗಾಕ್ಕೆ ಎಲ್ಲ ಜಾತಿಯವರೂ ಹರಕೆ ಹೊತ್ತು ಹೋಗುವುದು, ಸಂವಿಧಾನದ ಪ್ರಸ್ತಾವನೆಯ ಒಂದೊಂದು ಪದ, ಯೇಸು ಹೇಳಿದ ಸಮಾರಿಯದವನ ಸಾಮತಿ (ದೃಷ್ಟಾಂತ ಕಥೆ) ಎಲ್ಲವೂ ಇಲ್ಲಿ ಬಂದವು. 1950ರ ಆದೇಶವೂ ಸಮಾಜ ವಿಜ್ಞಾನದ ಶಿಕ್ಷಕರ ಬಾಯಲ್ಲಿ, ಯಾರನ್ನೂ ಬೊಟ್ಟು ಮಾಡದೆ, ಇದೇ ಪೀರಿಯಡ್‌ಗೆ ಬಂತು. ಆ ಚೀಟಿಗೆ ಸಿಕ್ಕ ಉತ್ತರ ಅದೇ: ಸುಳ್ಳು ಯಾರದು ಎಂದು ಕೇಳುವ ಮೊದಲು ಕಾಲಂ ಯಾರು ಎಳೆದದ್ದು ನೋಡಿ.

ಇನ್ನೊಂದು ಪೀರಿಯಡ್ ಶನಿವಾರ ಬೆಳಗಿನ ಕೊನೆಯ ಅವಧಿಗೆ ಹೋಯಿತು. ಇಡೀ ಬದಲಾವಣೆಯಲ್ಲಿ ಚಿಕ್ಕದೂ ಪರಿಣಾಮದಲ್ಲಿ ದೊಡ್ಡದೂ ಇದೇ. ಶನಿವಾರ ಆ ಹೊತ್ತಿನಲ್ಲಿ ಸ್ಕೌಟ್ಸ್, ಇಕೋ ಕ್ಲಬ್, ಫುಟ್‌ಬಾಲ್, ಹಾಡು, ಚಿತ್ರಕಲೆ ಎಂದು 380 ಮಕ್ಕಳೂ ಎದ್ದು ಚದುರುತ್ತಾರೆ. ಬೈಬಲ್ ಅಧ್ಯಯನ ಅವುಗಳಲ್ಲಿ ಒಂದು. ಎಲ್ಲರೂ ಎದ್ದಾಗ ಯಾರೂ ಎದ್ದಂತೆ ಕಾಣುವುದಿಲ್ಲ.

ಅಂಕ ತೆಗೆದು ಹಾಕಿದರು. ದೃಢೀಕರಣದ ಸಿದ್ಧತೆ ಪೂರ್ತಿ ಧರ್ಮಕೇಂದ್ರಕ್ಕೆ ಹೋಯಿತು. ಶಾಲೆ ಇನ್ನು ಹಾಜರಿ ಪಟ್ಟಿ ಕಳಿಸುವುದಿಲ್ಲ. ಗುರುಗಳಿಗೆ ಇದು ಕಷ್ಟವಾಯಿತು, ಅವರ ಆಕ್ಷೇಪದಲ್ಲಿ ತೂಕವಿತ್ತು. ಹಳ್ಳಿಯ ಮಕ್ಕಳಿಗೆ ಭಾನುವಾರ ಬಸ್ಸಿಲ್ಲ, ತರಗತಿಗೆ ಬರುವುದು ಹೇಗೆ? ಕೊನೆಗೆ ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಎರಡೂವರೆ ಗಂಟೆ, ಊಟ ಹಾಕಿ, ಎಂದಾಯಿತು. ಊಟದ ಖರ್ಚನ್ನು ಧರ್ಮಕೇಂದ್ರದ ಮಹಿಳಾ ಸಂಘ ಹೊತ್ತಿತು.

ಒಪ್ಪಿಗೆ ಪತ್ರ ಒಂದು ಪುಟ, ಕನ್ನಡದಲ್ಲಿ: ಮಗುವಿನ ಹೆಸರು, ತರಗತಿ, ಶನಿವಾರದ ಆಯ್ಕೆ, ಬೈಬಲ್ ಅಧ್ಯಯನವಾದರೆ ‘ಇದು ಧಾರ್ಮಿಕ ಬೋಧನೆ, ನನಗೆ ಒಪ್ಪಿಗೆ ಇದೆ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು’ ಎಂಬ ಸಾಲು, ಪೋಷಕರ ಸಹಿ ಅಥವಾ ಹೆಬ್ಬೆಟ್ಟು. ಧರ್ಮದ ಕಾಲಂ ಇಲ್ಲ.

ಇಲ್ಲೊಂದು ತೊಡಕು ಬಂತು, ಪೂರ್ತಿ ಬಿಡಿಸಿಕೊಳ್ಳಲಾಗದ್ದು. ಧರ್ಮ ಕೇಳದ ಪತ್ರದಲ್ಲಿ ಮೂರು ಹಿಂದೂ ಹುಡುಗಿಯರೂ ಗೆಳತಿಯರ ಜೊತೆ ಬೈಬಲ್ ಅಧ್ಯಯನ ಎಂದು ಗುರುತು ಹಾಕಿ ಅಪ್ಪನ ಸಹಿ ತಂದರು. 28ನೇ ವಿಧಿಯ ಪ್ರಕಾರ ಅಷ್ಟು ಸಾಕು. ಆದರೆ ರಾಜ್ಯದಲ್ಲಿ ಮತಾಂತರ ನಿಷೇಧದ ಕಾನೂನು ಬಂದದ್ದು 2022ರಲ್ಲಿ, ಆ ಗಾಳಿ ಇನ್ನೂ ಬೀಸುತ್ತಿತ್ತು, ಹಿಂದಿನ ಆಗಸ್ಟ್‌ನ ಗೇಟು ಯಾರೂ ಮರೆತಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಪೋಷಕರನ್ನು ಕರೆಸಿ ಮಾತಾಡಿ ಹುಡುಗಿಯರನ್ನು ಹಾಡಿನ ಗುಂಪಿಗೆ ಕಳಿಸಿದರು. ಹಾಗಾದರೆ ರಿಜಿಸ್ಟರಿನಲ್ಲಿ ಹಿಂದೂ ಎಂದಿರುವ ಏಳು ಮಕ್ಕಳ ಗತಿ? ಅವರ ಪೋಷಕರನ್ನೂ ಒಬ್ಬೊಬ್ಬರನ್ನಾಗಿ ಕರೆದು, ಶನಿವಾರಕ್ಕೆ ಬರುವುದು ಬಿಡುವುದು ನಿಮ್ಮ ಇಷ್ಟ, ಚರ್ಚಿನ ಭಾನುವಾರದ ತರಗತಿ ಇದ್ದೇ ಇದೆ ಎಂದರು. ಆರು ಮನೆಯವರು ಭಾನುವಾರವೊಂದೇ ಸಾಕು ಎಂದರು. ಒಂದು ಮನೆಯವರು ಸಹಿ ಹಾಕಿದರು. ಒಂದೇ ನಿಯಮವನ್ನು ಎರಡು ರೀತಿ ನಡೆಸಿದಂತಾಗಲಿಲ್ಲವೆ ಎಂದು ಕೇಳಿದರೆ, ಆಯಿತು.

ದ್ರಾಕ್ಷಿ ತೋಟದ ಶನಿವಾರ

ಹೊಸ ಏರ್ಪಾಡಿನಲ್ಲಿ ಒಂದು ಪಾಠ ಹೇಗೆ ನಡೆಯಿತೆಂದು ಹತ್ತಿರದಿಂದ ನೋಡಬಹುದು. ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ, ದ್ರಾಕ್ಷಿ ತೋಟದ ಕೂಲಿಗಳ ಸಾಮತಿ. ಚಿಕ್ಕಬಳ್ಳಾಪುರ ಸೀಮೆಯ ಮಕ್ಕಳಿಗೆ ಇದರಲ್ಲಿ ವಿವರಿಸಬೇಕಾದದ್ದು ಏನೂ ಇಲ್ಲ. ‘ಬೆಂಗಳೂರು ಬ್ಲೂ’ ಗೊನೆ ಕತ್ತರಿಸಿ ಕ್ರೇಟಿಗೆ ತುಂಬುವುದು ಅವರ ಮನೆಯವರದೇ ಕೆಲಸ.

ಸಿಸ್ಟರ್ ಸಾಮತಿಯನ್ನು ಮೊದಲು ಓದಲಿಲ್ಲ. ಐದು ಗುಂಪು ಮಾಡಿ ಒಂದೊಂದಕ್ಕೆ ಚೀಟಿ ಕೊಟ್ಟರು: ಬೆಳಿಗ್ಗೆ 6, 9, ಮಧ್ಯಾಹ್ನ 12, 3, ಸಂಜೆ 5. ಕೆಲಸ ಮುಗಿಯುವುದು 6ಕ್ಕೆ. ಇಡೀ ದಿನದ ಕೂಲಿ 480 ರೂಪಾಯಿ ಎಂದಿಟ್ಟುಕೊಂಡು ಯಾರಿಗೆಷ್ಟು ಕೊಡಬೇಕು ಎಂದು ಕೇಳಿದರು. ಎರಡು ನಿಮಿಷದಲ್ಲಿ ಬೋರ್ಡಿನ ಮೇಲೆ ಉತ್ತರ: 480, 360, 240, 120, 40. ಲೆಕ್ಕ ಸರಿ. ಆಮೇಲೆ ಓದಿದರು. ಕೊನೆಗೆ ಬಂದವರಿಂದ ಶುರು ಮಾಡಿ ಎಲ್ಲರಿಗೂ ಒಂದೇ ದಿನಾರಿ, ಅಂದರೆ ಇಡೀ ದಿನದ ಕೂಲಿ. ಬೆಳಿಗ್ಗೆ ಆರರ ಗುಂಪು ಎದ್ದು ನಿಂತಿತು, ಇದು ಅನ್ಯಾಯ, ನಾಳೆಯಿಂದ ನಾವೂ ಐದಕ್ಕೇ ಬರುತ್ತೇವೆ ಎಂದಿತು.

ಈ ಪಾಠ ಹಾಳಾಗುವುದು ಸಾಮಾನ್ಯವಾಗಿ ಇಲ್ಲೇ. ಶಿಕ್ಷಕರು ಗದ್ದಲಕ್ಕೆ ಹೆದರಿ ‘ದೇವರ ಕೃಪೆ ಲೆಕ್ಕಕ್ಕೆ ಸಿಗುವುದಿಲ್ಲ’ ಎಂದು ಹೇಳಿಬಿಡುತ್ತಾರೆ, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ, ಮುಗಿಯಿತು. ಸಿಸ್ಟರ್ ಸುಮ್ಮನಿದ್ದರು. ಗದ್ದಲ ಹನ್ನೆರಡು ನಿಮಿಷ ನಡೆಯಿತು. ಆಮೇಲೆ ಸಂಜೆ ಐದರ ಗುಂಪಿನ ಒಬ್ಬ ಹುಡುಗಿ, ಸಾಮಾನ್ಯವಾಗಿ ಬಾಯಿ ಬಿಡದವಳು, ‘ಐದು ಗಂಟೆ ತನಕ ಯಾರೂ ಕರೀದೆ ಉಳಿಯೋರು ಯಾರು ಗೊತ್ತಾ?’ ಎಂದಳು. ಅವಳ ಅಮ್ಮ ಬೆಳಿಗ್ಗೆ ಸರ್ಕಲ್‌ನ ಕೂಲಿ ಅಡ್ಡೆಯಲ್ಲಿ ನಿಲ್ಲುವವರು. ಟೆಂಪೊ ಬಂದಾಗ ಮೊದಲು ಗಟ್ಟಿ ಗಂಡಾಳು, ಆಮೇಲೆ ಹುಡುಗಿಯರು, ಸೊಂಟ ಹಿಡಿದ ಮುದುಕಿ ಕೊನೆಗೆ, ಮಗು ಎತ್ತಿಕೊಂಡವಳನ್ನು ಕರೆಯುವುದೇ ಇಲ್ಲ. ಪಠ್ಯಕ್ಕೆ ಹಿಂದಿರುಗಿ ನೋಡಿದರೆ ಆ ಸಾಲು ಅಲ್ಲೇ ಇತ್ತು: ಯಾಕೆ ಇಡೀ ದಿನ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದರೆ, ನಮ್ಮನ್ನು ಯಾರೂ ಕರೆಯಲಿಲ್ಲ ಎನ್ನುತ್ತಾರೆ. ಬೋರ್ಡಿನ ಮೇಲೆ 40 ಎಂದು ಬರೆದಿದ್ದ ಹುಡುಗ ತಾನೇ ಹೋಗಿ ಅದನ್ನು ಒರೆಸಿದ. ಎಷ್ಟು ಬರೆಯಬೇಕೆಂದು ತೋಚದೆ ಚಾಕ್ ಕೆಳಗಿಟ್ಟು ಬಂದು ಕೂತ.

ಆದದ್ದು

ಮೊದಲ ವರ್ಷ 38 ಇದ್ದದ್ದು ಎರಡನೇ ವರ್ಷ ಶನಿವಾರದ ಗುಂಪಿನಲ್ಲಿ 24ಕ್ಕೆ ಇಳಿಯಿತು. ಆರು ಜನ ಭಾನುವಾರವಷ್ಟೇ ಸಾಕೆಂದವರು, ಮಿಕ್ಕವರು ಫುಟ್‌ಬಾಲ್‌ಗೋ ಚಿತ್ರಕಲೆಗೋ ಹೋದರು. ಸಂಸ್ಥೆಯ ಹಿರಿಯರಿಂದ ಕಟುವಾದ ಪತ್ರ ಬಂತು: ನಮ್ಮ ಶಾಲೆಯಲ್ಲೇ ನಮ್ಮ ಮಕ್ಕಳು ಧರ್ಮೋಪದೇಶ ಬಿಟ್ಟು ಚೆಂಡು ಒದೆಯುವುದೆ? 2024ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟು, ಇತರ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಬೇಕು ಎಂದ ಮೇಲೆ ಪತ್ರಗಳ ದನಿ ತಗ್ಗಿತು, ನಿಲ್ಲಲಿಲ್ಲ. ಮೂರನೇ ವರ್ಷ ಶನಿವಾರದ ಗುಂಪು 29.

ಪೆಟ್ಟಿಗೆಯನ್ನು ಈಗ ಎರಡೂ ಕಡೆ ಇಡುತ್ತಾರೆ. ಸಾಮಾನ್ಯ ಪೀರಿಯಡ್‌ನ ಪೆಟ್ಟಿಗೆಯಲ್ಲಿ ಮುಸ್ಲಿಂ ಹುಡುಗಿಯರ ಚೀಟಿಗಳು ಎಲ್ಲಕ್ಕಿಂತ ಉದ್ದ. ಶನಿವಾರದ ಪೆಟ್ಟಿಗೆಯಲ್ಲಿ ಮೂರನೇ ವರ್ಷದ ಜುಲೈನ ಒಂದು ವಾರ 29ಕ್ಕೆ ಆರು ಖಾಲಿ. ಭಾನುವಾರದ ತರಗತಿ ಮಾತ್ರ ಕುಂಟುತ್ತಿದೆ. ಊಟ ಚೆನ್ನಾಗಿದೆ, ಪಾಠ ಹಳೆಯ ಪ್ರಶ್ನೋತ್ತರವೇ. ಅಲ್ಲಿ ಕಲಿಸುವ ಸ್ವಯಂಸೇವಕರಿಗೆ ಸಿಸ್ಟರ್‌ಗೆ ಸಿಕ್ಕಷ್ಟು ತರಬೇತಿ ಸಿಕ್ಕಿಲ್ಲ. ಶಾಲೆ ತನ್ನ ಹೊರೆ ಇಳಿಸಿಕೊಂಡದ್ದು ಧರ್ಮಕೇಂದ್ರದ ತಲೆ ಮೇಲೆ ಕೂತಿದೆ ಎನ್ನುವ ಗುರುಗಳ ಮಾತನ್ನು ತಳ್ಳಿಹಾಕುವಂತಿಲ್ಲ.

ನೀರು ಕುಡಿಯಲು ಹೋಗುತ್ತಿದ್ದ ಹುಡುಗ ಹತ್ತನೇ ತರಗತಿಯಲ್ಲಿ ಶನಿವಾರ ಫುಟ್‌ಬಾಲ್ ಆರಿಸಿಕೊಂಡ. ಭಾನುವಾರದ ತರಗತಿಗೆ ಎರಡು ತಿಂಗಳು ಬಂದ, ಒಂದು ತಿಂಗಳು ಬರಲಿಲ್ಲ, ಮತ್ತೆ ಬಂದ. ದೃಢೀಕರಣವನ್ನು ಆ ವರ್ಷ ಪಡೆಯಲಿಲ್ಲ, ಮುಂದಿನ ವರ್ಷ ನೋಡೋಣ ಎಂದು ಅವನೇ ಗುರುಗಳಿಗೆ ಹೇಳಿದ.

ಸದ್ಯ ಉಳಿದಿರುವ ಜಗಳ ಹತ್ತನೇ ತರಗತಿಯದು. ಡಿಸೆಂಬರ್ ಬಂತೆಂದರೆ ಶನಿವಾರದ ಕೊನೆಯ ಅವಧಿಯನ್ನು ಎಸ್‌ಎಸ್‌ಎಲ್‌ಸಿ ವಿಶೇಷ ತರಗತಿಗೆ ಗಣಿತದವರು ಕೇಳುತ್ತಾರೆ, ಫಲಿತಾಂಶದ ಭಯಕ್ಕೆ ಮುಖ್ಯೋಪಾಧ್ಯಾಯಿನಿ ಕೊಟ್ಟುಬಿಡುತ್ತಾರೆ. ಆಗ ಹತ್ತನೆಯವರು ಬೆಂಚಿನಲ್ಲೇ ಕೂತು ಲೆಕ್ಕ ಮಾಡುತ್ತಾರೆ, ಎಂಟು ಒಂಬತ್ತನೆಯವರು ಎದ್ದು ಹೋಗುತ್ತಾರೆ. ಪೆಟ್ಟಿಗೆ ಹತ್ತನೇ ತರಗತಿಯ ಕೋಣೆಗೂ ಬರಲಿ, ಮೂರು ನಿಮಿಷ ಸಾಕು ಎಂದು ಸಿಸ್ಟರ್ ಕೇಳಿದ್ದಾರೆ. ಗಣಿತದವರು ಇನ್ನೂ ಒಪ್ಪಿಲ್ಲ.